ಪೋಷಕರ ಹೆಸರು: ಮಳೆ

ನಮ್ಮತ್ತೆಯ ಎರಡು ಎಕರೆ ಹೊಲದಿಂದ ಪರಿಸರದ ಮೇಲೆ ಏನು ಪರಿಣಾಮವಾಗುತ್ತದೆ ಎಂಬುದು ಲಿಖಿತವಾಗಿ ತಿಳಿಯುವವರೆಗೆ ಆ ಹೊಲದಲ್ಲಿ ಯಾರೂ ಏನನ್ನೂ ಬಿತ್ತಕೂಡದು ಎಂದು ಮಳೆಯಾಶ್ರಿತ ಕೃಷಿ ಮತ್ತು ಜಾನುವಾರು ಅಭಿವೃದ್ಧಿ ಯೋಜನೆಯ ಕಚೇರಿ ಆದೇಶ ಹೊರಡಿಸಿತು. ಆದೇಶ ನಮ್ಮ ಕೈ ಸೇರಿದ್ದು ಮೊದಲ ಮಳೆ ಬಿದ್ದ ಮಾರನೆಯ ದಿನ. ಕಾಗದ ಗರಿಗರಿಯಾಗಿತ್ತು, ಹೊಲ ಹದವಾಗಿತ್ತು.

ಯೋಜನೆಯ ಉದ್ದೇಶ ಒಳ್ಳೆಯದೇ. ಬಾವಿ, ಕಾಲುವೆ ಇಲ್ಲದೆ ಮಳೆಯೊಂದನ್ನೇ ನಂಬಿ ಬಿತ್ತುವವರಿಗೆ ಒಂದು ಚೀಲ ಜೋಳದ ಬೀಜ, ಒಂದು ಎಮ್ಮೆ. ಎಮ್ಮೆ ಮೊದಲೇ ಬಂದಿತ್ತು, ಯಾಕೆಂದರೆ ಎಮ್ಮೆ ಹಂಚುವ ಶಾಖೆಯವರು ಪರಿಸರ ಶಾಖೆಯವರನ್ನು ಕೇಳುವ ಪದ್ಧತಿ ಇಟ್ಟುಕೊಂಡಿರಲಿಲ್ಲ. ಬಂದ ಮೂರನೆಯ ದಿನಕ್ಕೆ ಅತ್ತೆಯೂ ಎಮ್ಮೆಯೂ ಒಂದಾಗಿಬಿಟ್ಟರು. ನಾನು ಆ ಮನೆಗೆ ಸೊಸೆಯಾಗಿ ಬಂದು ಐದು ವರ್ಷವಾಯಿತು. ನಮ್ಮಿಬ್ಬರ ನಡುವೆ ಆ ಕೆಲಸ ಇನ್ನೂ ಪ್ರಗತಿಯಲ್ಲಿದೆ.

ಆದೇಶವನ್ನು ಓದಿ ಹೇಳುವುದು ನನ್ನ ಪಾಲಿಗೆ ಬಂತು. ಕೊನೆಯ ಸಾಲು ಹೀಗಿತ್ತು: "ಮೌಲ್ಯಮಾಪನಕ್ಕೆ ಮುಂಚೆ ಬಿತ್ತನೆ ಮಾಡಿದಲ್ಲಿ ಎಮ್ಮೆಯನ್ನು ಹಿಂಪಡೆಯಲಾಗುವುದು."

"ಬಿತ್ತಿದರೆ ಎಮ್ಮೆ ಹೋಗುತ್ತೆ," ಎಂದರು ಅತ್ತೆ. "ಬಿತ್ತದಿದ್ರೆ ಎಮ್ಮೆಗೆ ಮೇವೂ ಇಲ್ಲ, ನಮಗೆ ಕಾಳೂ ಇಲ್ಲ. ಅಲ್ಲ ಕಣೇ, ನಮ್ಮ ಮನೇಲಿ ಏನಾದರೂ ಒಂದು ಉಳೀಲಿ ಅಂತ ಇದ್ಯಾ ಇವರಿಗೆ?"

ಆಮೇಲೆ ಬೆರಳು ಮಡಚಿ ಎಣಿಸಿದರು. ಇನ್ನು ಇಪ್ಪತ್ತು ದಿನದೊಳಗೆ ಬೀಜ ಮಣ್ಣಿಗೆ ಬೀಳಬೇಕು. ತಡವಾದರೆ ಜೋಳ ಆಳೆತ್ತರ ಬೆಳೆದರೂ ತೆನೆಯೆಲ್ಲ ಜಳ್ಳು.

ನಾಲ್ಕನೆಯ ದಿನ ಮೌಲ್ಯಮಾಪಕರು ಬಂದರು. ಇನ್ನೂ ಮದುವೆಯಾಗದ ಹುಡುಗ, ಬೆನ್ನಿಗೆ ಚೀಲ, ಕೈಯಲ್ಲಿ ಅಳತೆ ಪಟ್ಟಿ. ಜನ ಆಗಲೇ ಅವರಿಗೆ ಅಳತೆ ಸಾಹೇಬರು ಎಂದು ಹೆಸರಿಟ್ಟಿದ್ದರು. ಬದುವಿನ ಮೇಲೆ ನಿಂತು ಹೊಲವನ್ನು ಬಹಳ ಹೊತ್ತು ನೋಡಿದರು.

"ಅಮ್ಮಾ, ಈ ಹೊಲ ಇಲ್ಲದೆ ಹೋಗಿದ್ದರೆ ಇಲ್ಲಿ ಏನಿರುತ್ತಿತ್ತು?"

"ಪಕ್ಕದ ಹೊಲ," ಎಂದರು ಅತ್ತೆ.

"ಅದೂ ಇಲ್ಲದಿದ್ದರೆ?"

"ಅದರ ಪಕ್ಕದ್ದು."

ಸಾಹೇಬರು ಎರಡನ್ನೂ ಬರೆದುಕೊಂಡರು. ಹೊಲದಿಂದ ಆಗುವ ಪರಿಣಾಮ ತಿಳಿಯಬೇಕಾದರೆ ಹೊಲವಿಲ್ಲದಾಗ ಪರಿಸರ ಹೇಗಿತ್ತೆಂದು ತಿಳಿಯಬೇಕು, ಅದಕ್ಕೆ ಮೂಲಸ್ಥಿತಿ ಎನ್ನುತ್ತಾರೆ ಎಂದು ವಿವರಿಸಿದರು. ಹೊಲವನ್ನು ಒಂದು ವಾರದ ಮಟ್ಟಿಗೆ ಬೇರೆ ಕಡೆ ಇಡಲು ಸಾಧ್ಯವೇ ಎಂದು ಕೇಳಿದರು. ಅತ್ತೆ, ಮನೆಯಲ್ಲಿ ಎಮ್ಮೆಗೇ ಜಾಗ ಸಾಲುತ್ತಿಲ್ಲ ಎಂದರು. ಅದನ್ನೂ ಬರೆದುಕೊಂಡರು.

ಮರುದಿನ ಎಮ್ಮೆಯ ಸರದಿ. ಸಾಹೇಬರು ಬೆಳಗಿನಿಂದ ಸಂಜೆಯವರೆಗೆ ಅದರ ಹಿಂದೆಯೇ ನಡೆದರು. ವರದಿಯ ಆ ಪುಟವನ್ನು ನಾನೇ ನೋಡಿದ್ದೇನೆ. "ಹತ್ತು ನಲವತ್ತು: ನಿಂತಿದೆ. ಹನ್ನೊಂದು: ನಿಂತಿದೆ. ಹನ್ನೊಂದು ಇಪ್ಪತ್ತು: ನನ್ನನ್ನು ನೋಡಿತು (ಸಾಮಾಜಿಕ ಪರಿಣಾಮ). ಹನ್ನೆರಡು: ಸಗಣಿ, ಅಂದಾಜು ಒಂದು ಬುಟ್ಟಿ (ಪರಿಣಾಮ ತೀವ್ರ, ಸ್ಥಳೀಯ, ತಾತ್ಕಾಲಿಕ)." ತಾತ್ಕಾಲಿಕ ಎಂದು ಯಾಕೆ ಬರೆದರೆಂದರೆ, ಅವರು ಬರೆದು ಮುಗಿಸುವಷ್ಟರಲ್ಲಿ ಅತ್ತೆ ಅದನ್ನು ಬಾಚಿಕೊಂಡು ಹೋಗಿ ತಿಪ್ಪೆಗೆ ಹಾಕಿಬಿಟ್ಟಿದ್ದರು.

ಹುಡುಗ ಕೆಟ್ಟವನಲ್ಲ. ಸಂಜೆ ನಮ್ಮ ಜಗಲಿಯ ಮೇಲೆ ಕೂತು ಒಂದು ಲೋಟ ಹಾಲು ಕುಡಿದು, "ನನ್ನ ಕಡೆಯಿಂದ ಏನೂ ಅಡ್ಡಿ ಇಲ್ಲಮ್ಮ, ಕಡತ ಕಚೇರಿಯಲ್ಲಿ ಒಂದು ಕೈ ದಾಟಿದರೆ ನಾಳೆಯೇ ಬಿತ್ತಬಹುದು," ಎಂದರು.

ಆ ಒಂದು ಕೈ ಲಗತ್ತು ಗುಮಾಸ್ತರದು.

ಲಗತ್ತು ಗುಮಾಸ್ತರಿಗೆ ಆ ಹೆಸರು ಬಂದದ್ದು, ಏನು ಕೇಳಿದರೂ "ಪ್ರತಿ ಲಗತ್ತಿಸಿ" ಎನ್ನುತ್ತಿದ್ದುದರಿಂದ. ಒಬ್ಬರು ನಮಸ್ಕಾರ ಎಂದದ್ದಕ್ಕೂ ಹಾಗೇ ಅಂದರಂತೆ. ಅವರು ಇಪ್ಪತ್ತಾರು ವರ್ಷ ಪಿಂಚಣಿ ಶಾಖೆಯಲ್ಲಿದ್ದು, ಆ ವರ್ಷವಷ್ಟೇ ಕೃಷಿ ಶಾಖೆಗೆ ವರ್ಗವಾಗಿ ಬಂದಿದ್ದರು. ತೀರಿಕೊಂಡ ನೌಕರರ ಹೆಂಡತಿ ಮಕ್ಕಳ ಕಡತಗಳನ್ನು ನೋಡಿ ನೋಡಿ ಅವರ ಕಣ್ಣು ಒಂದು ಪದಕ್ಕೆ ಪಳಗಿಹೋಗಿತ್ತು. ಮರುದಿನ ನಾನು, ಅತ್ತೆ ಹೋಗಿ ಮುಂದೆ ನಿಂತಾಗ ನಮ್ಮ ಅರ್ಜಿಯಲ್ಲಿ "ಹೊಲ: ಮಳೆಯಾಶ್ರಿತ" ಎಂದು ಇದ್ದದ್ದನ್ನು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಆಶ್ರಿತ," ಎಂದರು. "ಅಂದಮೇಲೆ ಪೋಷಕರು ಇರಬೇಕಲ್ಲ. ಯಾರು?"

"ಯಾರ ಪೋಷಕರು ಸ್ವಾಮಿ?"

"ಈ ಹೊಲದ್ದು. ಯಾರ ಆಶ್ರಯದಲ್ಲಿದೆ?"

"ಮಳೇದು," ಎಂದರು ಅತ್ತೆ.

ಗುಮಾಸ್ತರು "ಪೋಷಕರ ಹೆಸರು" ಎಂಬ ಅಂಕಣದಲ್ಲಿ ಮಳೆ ಎಂದು ದುಂಡಗೆ ಬರೆದರು. "ಆಶ್ರಿತರ ವಿಷಯದಲ್ಲಿ ಏನೇ ಮಾಡುವುದಿದ್ದರೂ ಪೋಷಕರ ಒಪ್ಪಿಗೆ ಪತ್ರ ಬೇಕು. ಸಹಿ ಮಾಡಿಸಿ, ಲಗತ್ತಿಸಿ."

"ಮಳೆ ಸಹಿ ಹಾಕಲ್ಲವಲ್ಲಪ್ಪ."

"ಹೆಬ್ಬೆಟ್ಟಾದರೂ ನಡೆಯುತ್ತೆ. ಓದು ಬರದವರನ್ನು ನಾವು ಕೈಬಿಟ್ಟಿಲ್ಲಮ್ಮ."

ಅಳತೆ ಸಾಹೇಬರು ಪಕ್ಕದಲ್ಲೇ ಇದ್ದರು. ಮಳೆಯಾಶ್ರಿತ ಎಂದರೆ ಅರ್ಥ ಬೇರೆ ಎಂದು ಹೇಳಲು ಬಾಯಿ ತೆರೆದರು. ಗುಮಾಸ್ತರು, ಆ ಬೇರೆ ಅರ್ಥವಿರುವ ಸುತ್ತೋಲೆಯ ಪ್ರತಿ ಲಗತ್ತಿಸಿ ಎಂದರು. ಸಾಹೇಬರ ಹತ್ತಿರ ಸುತ್ತೋಲೆ ಇರಲಿಲ್ಲ. ಅರ್ಥ ಮಾತ್ರ ಇತ್ತು. ಬಾಯಿ ಮುಚ್ಚಿದರು.

ಬಿತ್ತನೆ ವಿಷಯವಾದ್ದರಿಂದ ಕಡತಕ್ಕೆ ತುರ್ತು ಎಂಬ ಕೆಂಪು ಚೀಟಿ ಹಚ್ಚಿ, ಮಳೆಗೆ ನೋಟಿಸು ತಯಾರಿಸಲಾಯಿತು. "ತಾವು ಕಚೇರಿ ವೇಳೆಯಲ್ಲಿ ಖುದ್ದು ಹಾಜರಾಗಿ ತಮ್ಮ ಆಶ್ರಿತ ಹೊಲದ ಬಗ್ಗೆ ಹೇಳಿಕೆ ನೀಡತಕ್ಕದ್ದು. ತಪ್ಪಿದಲ್ಲಿ ತಮ್ಮದೇನೂ ಹೇಳಿಕೆ ಇಲ್ಲ ಎಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು." ಕೊನೆಯ ಸಲ ಕಂಡ ವಿಳಾಸದಲ್ಲಿ ಅಂಟಿಸಬೇಕೆಂಬ ನಿಯಮದಂತೆ ನಮ್ಮ ಹೊಲದ ಬದುವಿನ ಮರಕ್ಕೇ ಅಂಟಿಸಿದರು. ಸಂಜೆ ಮಳೆ ಬಂದು ನೋಟಿಸನ್ನು ತೊಳೆದುಕೊಂಡು ಹೋಯಿತು. ನೋಟಿಸು ತಲುಪಿದೆ ಎಂದು ಕಡತದಲ್ಲಿ ನಮೂದಾಯಿತು.

ಮೊದಲ ವಿಚಾರಣೆಯ ದಿನ ಬಿಸಿಲು. ಮಳೆ ಬಂದದ್ದು ಅದರ ಮಾರನೆಯ ದಿನ, ಭಾನುವಾರ. ಕಾವಲುಗಾರ ಬಂದು ಹೇಳಿದ, ಆದರೆ ರಜಾದಿನದ ಹಾಜರಿ ಲೆಕ್ಕಕ್ಕಿಲ್ಲ. ಎರಡನೆಯ ವಿಚಾರಣೆಗೆ ಮಳೆ ಬಂತು, ಊಟದ ವೇಳೆಯಲ್ಲಿ. ಗುಮಾಸ್ತರು ಕೈ ತೊಳೆದು ಬರುವಷ್ಟರಲ್ಲಿ ನಿಂತುಹೋಯಿತು.

"ಇನ್ನೊಂದು ಹತ್ತು ನಿಮಿಷ ಕಾಯೋಕಾಗಲ್ವಾ ಅದಕ್ಕೆ? ನಮ್ಮ ಹತ್ತಿರ ಬರೋರು ಮೂರು ಮೂರು ದಿನ ಕಾಯ್ತಾರೆ," ಎಂದು ಬೇಸರಪಟ್ಟುಕೊಂಡರು.

ಮೂರನೆಯ ವಿಚಾರಣೆಯ ದಿನ ಮಳೆ ಸರಿಯಾಗಿ ಹತ್ತೂವರೆಗೆ ಬಂತು. ಬಾಗಿಲು ತೆರೆಯುವ ಹೊತ್ತಿಗೇ ಬಂದು ಐದೂವರೆಯವರೆಗೆ ಕದಲಲಿಲ್ಲ. ಅತ್ತೆ, ನಾನು, ಕಂಕುಳಲ್ಲಿ ನನ್ನ ಮಗಳು, ಮೂವರೂ ಕಚೇರಿಯ ಮೊಗಸಾಲೆಯಲ್ಲಿ ಅದರ ಜೊತೆಗೇ ಇದ್ದೆವು. ಅಷ್ಟು ಮಳೆಯಾದ್ದರಿಂದ ಅಂದು ಕಚೇರಿಗೆ ಯಾರೂ ಬರಲಿಲ್ಲ. ಮರುದಿನ ಗುಮಾಸ್ತರು ಕೊಡೆ ಮಡಚಿ ಮೂಲೆಗಿಟ್ಟು, ಕಾಲೊರೆಸಿಕೊಂಡು, ಕಡತ ತೆಗೆದು ಬರೆದರು: "ಮೂರನೇ ಬಾರಿಯೂ ಗೈರು."

"ನಿನ್ನೆ ಬೆಳಗಿಂದ ಸಂಜೆವರೆಗೂ ಇತ್ತಲ್ಲ ಸ್ವಾಮಿ!" ಎಂದರು ಅತ್ತೆ.

"ನಾನು ನೋಡಿಲ್ಲಮ್ಮ."

"ಮತ್ತೆ ನಿನ್ನೆ ನೀವು ಯಾಕೆ ಬರಲಿಲ್ಲ?"

"ಮಳೆ ಇತ್ತಲ್ಲ."

ಅತ್ತೆಗೆ ಮಾತು ಬರಲಿಲ್ಲ. ಐದು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು. ಮನಸ್ಸಿನಲ್ಲೇ ಗುಮಾಸ್ತರಿಗೆ ಕೈಮುಗಿದೆ.

ಪಿಂಚಣಿ ಶಾಖೆಯಲ್ಲಿ ಮೂರು ನೋಟಿಸಿಗೂ ಬಾರದವರನ್ನು ಕಾಣೆಯಾದವರೆಂದು ಬರೆಯುತ್ತಾರೆ. ಕಾಣೆಯಾದವರು ಏಳು ವರ್ಷ ಕಾಣದಿದ್ದರೆ ತೀರಿಕೊಂಡರೆಂದು ತಿಳಿಯಬೇಕು. ನಮ್ಮದು ತುರ್ತು ಕಡತವಾದ್ದರಿಂದ ಏಳು ವರ್ಷವನ್ನು ಏಳು ಗಂಟೆಗೆ ಇಳಿಸಲಾಯಿತು. ಇದನ್ನು ಗುಮಾಸ್ತರು ನಮ್ಮ ಮೇಲಿನ ಕಾಳಜಿಯಿಂದಲೇ ಮಾಡಿದರು ಎಂದು ಒಪ್ಪಿಕೊಳ್ಳಬೇಕು. ಆ ಸಂಜೆಯೇ ಫಲಕದ ಮೇಲೆ ಪ್ರಕಟಣೆ ಬಂತು: "ಎರಡು ಎಕರೆ ಹೊಲದ ಏಕೈಕ ಪೋಷಕರಾದ ಮಳೆಯವರು ತಮ್ಮ ಆಶ್ರಿತರನ್ನು ಅಗಲಿದ್ದಾರೆ."

ಸಂತಾಪ ಸಭೆ ಆದೇಶ ಬಂದ ಹದಿಮೂರನೆಯ ದಿನ ನಡೆಯಿತು. ಕಚೇರಿಯದು ತಗಡಿನ ಮಾಡು. ಮೇಲೆ ಮಳೆ ಕಲ್ಲು ಸುರಿದ ಹಾಗೆ ಸುರಿಯುತ್ತಿತ್ತು. ದೊಡ್ಡ ಸಾಹೇಬರು ಸಂತಾಪ ಸೂಚಕ ನಿರ್ಣಯವನ್ನು ಕೂಗಿ ಕೂಗಿ ಓದಿದರು. "ಮಳೆಯವರು ಸರಳ ಜೀವಿ. ಬಡವ ಬಲ್ಲಿದ ಎನ್ನದೆ ಎಲ್ಲರ ಮೇಲೂ ಒಂದೇ ಸಮನೆ ಬೀಳುತ್ತಿದ್ದರು. ಅವರ ಅಗಲಿಕೆಯಿಂದ ಕೃಷಿ ಕ್ಷೇತ್ರಕ್ಕೆ ತುಂಬಲಾರದ ನಷ್ಟವಾಗಿದೆ." ಮಾಡು ಸೋರಿ ನಿರ್ಣಯದ ಕೊನೆಯ ಸಾಲು ಅಳಿಸಿಹೋದದ್ದರಿಂದ ಅಷ್ಟಕ್ಕೇ ನಿಲ್ಲಿಸಿದರು. ಒಂದು ನಿಮಿಷ ಮೌನ ಆಚರಿಸಲಾಯಿತು. ಸದ್ದಿನಲ್ಲಿ ಯಾರು ಮೌನವಾಗಿದ್ದಾರೆ, ಯಾರು ಮಾತಾಡುತ್ತಿದ್ದಾರೆ ಎಂದು ಗೊತ್ತಾಗಲಿಲ್ಲ.

"ಸತ್ತೋರು ಹೊರಗೆ ನಿಂತು ಬಾಗಿಲು ಬಡೀತಿದ್ದಾರಲ್ಲೇ," ಎಂದು ಅತ್ತೆ ನನ್ನ ಕಿವಿಯಲ್ಲಿ ಅಂದರು.

ನನ್ನ ಮಗಳು ಕಿಟಕಿಯ ಸರಳಿನಿಂದ ಕೈ ಹೊರಗೆ ಚಾಚಿ, ಒದ್ದೆ ಮಾಡಿಕೊಂಡು, "ಅಮ್ಮಾ, ಸತ್ತೋಗಿರೋದು ತಣ್ಣಗಿದೆ," ಎಂದಳು.

ಸಭೆ ಮುಗಿದ ಮೇಲೆ ಗುಮಾಸ್ತರು ಅತ್ತೆಯ ಹತ್ತಿರ ಬಂದರು. ಮುಖದಲ್ಲಿ ದುಃಖವಿತ್ತು, ಅದರ ಹಿಂದೆ ಒಂದು ಒಳ್ಳೆಯ ಸುದ್ದಿಯೂ ಇತ್ತು.

"ಆಗಿದ್ದು ಆಗಿಹೋಯಿತಮ್ಮ. ಇನ್ನು ನಿಮ್ಮ ಹೊಲದ ಭವಿಷ್ಯ ನೋಡಬೇಕು. ಪೋಷಕರು ಹೋದಮೇಲೆ ಆಶ್ರಿತರಿಗೆ ಅನುಕಂಪದ ಮೇಲೆ ನೌಕರಿ ಇದೆ. ಅರ್ಜಿ ಕೊಡಿ."

"ಯಾರಿಗೆ ನೌಕರಿ?"

"ಹೊಲಕ್ಕೆ."

"ನನಗೆ ಬಿತ್ತೋಕೆ ಬಿಡಿ ಸಾಕು ಮಾರಾಯರೇ."

"ಅದಕ್ಕೆ ಯಾವ ನಿಯಮದಲ್ಲಿ ಬಿಡಲಿ? ಇದಕ್ಕಾದರೆ ನಿಯಮ ಇದೆ."

ಅರ್ಜಿಯನ್ನು ನಾನೇ ತುಂಬಿದೆ. ವಿದ್ಯಾಭ್ಯಾಸ: ಇಲ್ಲ. ಹಾಗಾದರೆ ಕೊನೆಯ ದರ್ಜೆ ಎಂದರು ಗುಮಾಸ್ತರು. ವಯಸ್ಸು ಕೇಳಿದಾಗ ಅತ್ತೆ, ನಮ್ಮ ಮಾವನ ಅಜ್ಜನಿಗಿಂತ ದೊಡ್ಡದು ಎಂದುಬಿಟ್ಟರು. ನಿವೃತ್ತಿ ವಯಸ್ಸು ದಾಟಿತು ಎಂದು ನಾನು ಹೆದರಿದೆ. ಗುಮಾಸ್ತರು ಕ್ರಯಪತ್ರ ನೋಂದಣಿಯಾದ ವರ್ಷ ನೋಡಿ ಇಪ್ಪತ್ತೆರಡು ಎಂದು ಬರೆದುಕೊಂಡರು. ಕುಟುಂಬದ ಸದಸ್ಯರು: ಎಮ್ಮೆ ಒಂದು, ಪೂರ್ತಿ ಹೊಲವನ್ನೇ ಅವಲಂಬಿಸಿದೆ. ಆರೋಗ್ಯ ಪ್ರಮಾಣ ಪತ್ರಕ್ಕೆ ಯೋಜನೆಯ ಪಶುವೈದ್ಯರು ಬಂದರು. ಕಾಲಿನಿಂದ ಎರಡು ಕಡೆ ಒತ್ತಿ ನೋಡಿ, ನೋವಿದೆಯಾ ಎಂದು ಅತ್ತೆಯನ್ನು ಕೇಳಿ, ಸಹಿ ಹಾಕಿದರು.

ಹದಿನೈದನೆಯ ದಿನ ನೇಮಕದ ಆದೇಶ ಬಂತು. ನಮ್ಮ ಮನೆಯವರು ಇದೇ ಕಚೇರಿಗೆ ಎರಡು ಸಲ ಅರ್ಜಿ ಹಾಕಿ ಕೈ ಸುಟ್ಟುಕೊಂಡಿದ್ದರು. ಹೊಲಕ್ಕೆ ಮೊದಲ ಸಲಕ್ಕೇ ಸಿಕ್ಕಿತು. ಅವರು ಆದೇಶವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮಣ್ಣಾಗಿ ಹುಟ್ಟಬೇಕಿತ್ತು," ಎಂದರು. ಅತ್ತೆ, "ಇನ್ನೇನು ಕಮ್ಮಿ ಇದೀಯಾ," ಎಂದರು.

ಕೆಲಸ ಏನೆಂದು ಕೇಳಬೇಕಲ್ಲ. ಅಳತೆ ಸಾಹೇಬರಿಗೆ ಹೋಲಿಸಿ ನೋಡಲು ಒಂದು ಮೂಲಸ್ಥಿತಿ ಬೇಕಾಗಿತ್ತು. ಹೊಲವನ್ನು ಆ ಹುದ್ದೆಗೇ ತೆಗೆದುಕೊಂಡರು. ಹತ್ತೂವರೆಯಿಂದ ಐದೂವರೆಯವರೆಗೆ ಏನೂ ಮಾಡದೆ, ಇದ್ದಲ್ಲೇ, ಇದ್ದ ಹಾಗೇ ಇರತಕ್ಕದ್ದು. ಈ ಕೆಲಸದಲ್ಲಿ ದೀರ್ಘ ಅನುಭವವಿದ್ದವರು ಕಚೇರಿಯಲ್ಲಿ ಹಲವರಿದ್ದರೂ ಅನುಕಂಪದ ನೇಮಕವಾದ್ದರಿಂದ ಯಾರೂ ಆಕ್ಷೇಪ ಎತ್ತಲಿಲ್ಲ. ಸಂಬಳಕ್ಕೆ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಿತ್ತು, ಅದಕ್ಕೆ ಹೊಲ ಖುದ್ದಾಗಿ ಬರಬೇಕಿತ್ತು. ಆ ವಿಷಯ ಅಲ್ಲಿಗೇ ನಿಂತಿದೆ.

"ಆಯ್ತಲ್ಲ," ಎಂದರು ಅತ್ತೆ. "ಈಗ ಬಿತ್ತಬಹುದಾ?"

ಲಗತ್ತು ಗುಮಾಸ್ತರ ಮುಖ ಗಂಭೀರವಾಯಿತು. "ನೌಕರಿಯಲ್ಲಿರುವವರು ಖಾಸಗಿಯಾಗಿ ಏನನ್ನೂ ಬೆಳೆಯುವಂತಿಲ್ಲಮ್ಮ. ನಡತೆ ನಿಯಮ. ಅಮಾನತು ಆಗಿಬಿಡುತ್ತೆ."

"ಹೊಲ ಅಮಾನತಾದರೆ ಏನು ಮಾಡುತ್ತೆ?"

"ಮನೇಲಿರುತ್ತೆ."

ಅಂದು ರಾತ್ರಿಯ ಊಟಕ್ಕೆ ಅತ್ತೆ ಕೂರಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆಯ ಕೊರಳು ತುರಿಸುತ್ತಾ ನಿಂತಿದ್ದರು. ಬಿತ್ತನೆಗೆ ಇನ್ನು ಐದು ದಿನ ಉಳಿದಿತ್ತು. ನಾನು ಮಗಳಿಗೆ ಉಣಿಸುತ್ತಾ, ಅವಳು ಹುಟ್ಟಿದಾಗ ನನಗೆ ಯಾರೂ ಒಂದು ದಿನದ ರಜೆ ಕೊಡಲಿಲ್ಲ, ಮೂರನೆಯ ದಿನಕ್ಕೇ ಬಿಂದಿಗೆ ಹೊತ್ತೆ ಎಂದು ಗೊಣಗಿದೆ. ಅದು ಅತ್ತೆಯ ಕಿವಿಗೆ ಬೀಳಲಿ ಎಂದೇ ಗೊಣಗಿದ್ದು. ಅತ್ತೆ ಎಮ್ಮೆಯನ್ನು ಬಿಟ್ಟು ಒಳಗೆ ಬಂದರು.

"ಏನಂದೆ? ಇನ್ನೊಂದು ಸಲ ಹೇಳು."

ನಾನು ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೆ. ಆದರೆ ಅವರಿಗೆ ಬೇಕಾಗಿದ್ದದ್ದು ಜಗಳವಲ್ಲ.

ಮರುದಿನ ಬಾಗಿಲು ತೆರೆಯುವ ಹೊತ್ತಿಗೇ ಗುಮಾಸ್ತರ ಮೇಜಿನ ಮುಂದೆ ನಿಂತಿದ್ದೆವು.

"ಸ್ವಾಮಿ, ಹೆಣ್ಣು ನೌಕರರಿಗೆ ಹೆರಿಗೆ ರಜೆ ಇದೆಯಾ?"

"ಇದೆ. ಆರು ತಿಂಗಳು. ಯಾರಿಗೆ?"

"ಹೊಲಕ್ಕೆ. ಜೋಳ ನಾಲ್ಕು ತಿಂಗಳಿಗೇ ಬರುತ್ತೆ. ಉಳಿದ ಎರಡು ತಿಂಗಳು ನೀವೇ ಇಟ್ಟುಕೊಳ್ಳಿ."

ಗುಮಾಸ್ತರು ನಗಲಿಲ್ಲ. ಪುಸ್ತಕ ತೆಗೆದರು. "ಹೊಲ ಹೆಣ್ಣು ಅನ್ನೋದಕ್ಕೆ ದಾಖಲೆ?"

ಅತ್ತೆ ಅವರ ತಲೆಯ ಮೇಲಿನ ಗೋಡೆಗೆ ಬೆರಳು ತೋರಿಸಿದರು. ಯೋಜನೆಯವರೇ ಹಸಿರು ಬಣ್ಣದಲ್ಲಿ ಬರೆಸಿದ್ದರು: ಭೂಮಿ ನಮ್ಮ ತಾಯಿ, ಕಾಪಾಡೋಣ. ಗುಮಾಸ್ತರು ಕುರ್ಚಿ ತಿರುಗಿಸಿ ಪೂರ್ತಿ ಓದಿದರು. ಇಲಾಖೆಯ ಗೋಡೆಯ ಮೇಲೆ ಇರುವುದು ಇಲಾಖೆಯ ನಿಲುವೇ. ಗೋಡೆಯ ಫೋಟೋ ಲಗತ್ತಿಸಲಾಯಿತು.

ಆದರೆ ಒಂದು ತೊಡಕು. ರಜೆ ಸಿಗಬೇಕಾದರೆ ಮೊದಲು ಗರ್ಭ ನಿಂತಿರಬೇಕು, ವೈದ್ಯರು ನೋಡಿ ಬರೆದುಕೊಡಬೇಕು. ಗರ್ಭ ನಿಲ್ಲಬೇಕಾದರೆ ಬಿತ್ತಬೇಕು. ಕೆಲಸದ ವೇಳೆಯಲ್ಲಿ ಬಿತ್ತಿದರೆ ನಡತೆ ನಿಯಮ. ಬೆಳಿಗ್ಗೆ ಎರವಲು ಸಿಗುವ ಎತ್ತುಗಳೆಲ್ಲ ಅವರವರ ಹೊಲದಲ್ಲಿ; ಕೆಲಸದ ವೇಳೆ ಮುಗಿದು ಸ್ವಲ್ಪ ಹೊತ್ತಿಗೇ ಕತ್ತಲೆ, ಸಾಲು ಕಾಣುವುದಿಲ್ಲ. ಗುಮಾಸ್ತರು ಪುಟ ತಿರುವಿದರು, ನಿಟ್ಟುಸಿರುಬಿಟ್ಟರು. ಇಪ್ಪತ್ತಾರು ವರ್ಷದಲ್ಲಿ ಅವರ ಕೈಯಲ್ಲಿ ಒಬ್ಬ ಆಶ್ರಿತರೂ ಕೆಟ್ಟಿರಲಿಲ್ಲವಂತೆ.

ಆಗ ಅಳತೆ ಸಾಹೇಬರು ತಮ್ಮ ಮೇಜಿನಿಂದಲೇ ಮೆಲ್ಲಗೆ ಕೇಳಿದರು. "ಸಾರ್, ಅರ್ಧ ದಿನದ ಸಾಂದರ್ಭಿಕ ರಜೆ ಹಾಕಿದರೆ?"

ಕಚೇರಿಯೆಲ್ಲ ತಲೆಯೆತ್ತಿ ನೋಡಿತು. ಅರ್ಧ ದಿನದ ರಜೆಯಲ್ಲಿ ನೌಕರರು ಎಲ್ಲಿಗೆ ಹೋಗುತ್ತಾರೆ, ಏನು ಮಾಡುತ್ತಾರೆ ಎಂದು ಕೇಳುವ ಪದ್ಧತಿ ಅಲ್ಲಿ ಇರಲಿಲ್ಲ. ಕೇಳಿದರೆ ಕೇಳಿದವರಿಗೂ ಕಷ್ಟ. ಗುಮಾಸ್ತರು ಕನ್ನಡಕ ತೆಗೆದು ಹುಡುಗನನ್ನು ಮೊದಲ ಸಲ ಅಕ್ಕರೆಯಿಂದ ನೋಡಿದರು.

ಹದಿನೆಂಟನೆಯ ದಿನ ಮಧ್ಯಾಹ್ನ ಒಂದೂವರೆಯಿಂದ ಹೊಲಕ್ಕೆ ರಜೆ. ಒಂದು ಗಂಟೆಗೇ ಬದುವಿನ ಮೇಲೆ ಜನ ಸೇರಿದ್ದರು. ಪಕ್ಕದ ಹೊಲದ ಚಿಕ್ಕಪ್ಪ ತಮ್ಮ ಜೋಡಿ ಎತ್ತು, ಬಿತ್ತುವ ಕೂರಿಗೆ ತಂದಿದ್ದರು. ಅದರಾಚೆಯವರು ಇನ್ನೊಂದು ಜೋಡಿ ತಂದಿದ್ದರು. ಅತ್ತೆ ಮನೆಯಲ್ಲಿ ಉಳಿಸಿಟ್ಟಿದ್ದ ಬೀಜವನ್ನು ಮಡಿಲಲ್ಲಿ ಕಟ್ಟಿಕೊಂಡು, ಕಣ್ಣನ್ನು ಅಳತೆ ಸಾಹೇಬರ ಗಡಿಯಾರದ ಮೇಲೆ ನೆಟ್ಟಿದ್ದರು.

"ಇನ್ನೂ ನಾಲ್ಕು ನಿಮಿಷ ಇದೆಯಮ್ಮ. ಹೊಲ ಇನ್ನೂ ಕೆಲಸದಲ್ಲಿದೆ."

"ಏನು ಕೆಲಸ ಕಡಿದು ಹಾಕ್ತಿದೆಯೋ ಕಾಣೆ," ಎಂದರು ಚಿಕ್ಕಪ್ಪ.

ಒಂದೂವರೆಯಾಯಿತು. ಎರಡು ಕೂರಿಗೆಗಳೂ ಒಟ್ಟಿಗೆ ಇಳಿದವು. ಅತ್ತೆ ಒಂದರ ಬಟ್ಟಲಿಗೆ, ನಾನು ಇನ್ನೊಂದರದಕ್ಕೆ ಕಾಳು ಬಿಡುತ್ತಾ ಹಿಂದೆ ನಡೆದೆವು. ನಮ್ಮ ಮನೆಯವರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಗೆ ಓಡಿಸಿದರು. ಮಣ್ಣು ಬೆಣ್ಣೆಯ ಹಾಗೆ ಬಿಟ್ಟುಕೊಡುತ್ತಿತ್ತು. ಮೂರು ಗಂಟೆಗೆ ಮೋಡ ಕಟ್ಟಿತು. ಅಧಿಕೃತವಾಗಿ ಅದು ಏನೂ ಅಲ್ಲವಾದ್ದರಿಂದ ಯಾರೂ ಅದರ ಹೆಸರೆತ್ತಲಿಲ್ಲ, ಎತ್ತುಗಳನ್ನು ಮಾತ್ರ ಜೋರಾಗಿ ಹೊಡೆದರು. ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಕೊನೆಯ ಸಾಲು ಮುಗಿಯಿತು. ಅತ್ತೆ ಬದುವಿನ ಮೇಲೆ ಕುಸಿದು ಕೂತು, ಖಾಲಿ ಮಡಿಲನ್ನು ಕೊಡವಿ, ನನ್ನ ಕಡೆ ನೋಡಿದರು.

"ನೀನು ಗೊಣಗೋದೂ ಒಂದೊಂದು ಸಲ ಕೆಲಸಕ್ಕೆ ಬರುತ್ತೆ ಕಣೇ," ಎಂದರು. ನಮ್ಮ ಮನೆಯಲ್ಲಿ ಅದನ್ನು ಹೊಗಳಿಕೆ ಎಂದೇ ತಿಳಿಯಬೇಕು.

ಬಿತ್ತಿದ ಐದನೆಯ ದಿನಕ್ಕೆ ಸಾಲು ಸಾಲಾಗಿ ಮೊಳಕೆ. ಪಶುವೈದ್ಯರು ಬಂದು ಬಗ್ಗಿ ನೋಡಿ, ಒಂದಲ್ಲ, ಸುಮಾರು ಐವತ್ತು ಸಾವಿರ ಇರಬಹುದು, ತಾಯಿಗೆ ವಿಶ್ರಾಂತಿ ಅಗತ್ಯ ಎಂದು ಬರೆದುಕೊಟ್ಟರು. ರಜೆ ಮಂಜೂರಾಯಿತು. ಎಮ್ಮೆ ನಮ್ಮಲ್ಲೇ ಉಳಿಯಿತು. ಅಳತೆ ಸಾಹೇಬರು ವರದಿಯನ್ನು ಮುಗಿಸಿ ಮೇಲಕ್ಕೆ ಕಳಿಸಿದರು. ನೂರಾ ನಲವತ್ತು ಪುಟದ ಕೊನೆಯಲ್ಲಿ "ಪರಿಸರದ ಮೇಲಿನ ಪರಿಣಾಮ" ಎಂಬ ಅಂಕಣದ ಎದುರಿಗೆ ಬರೆದಿದ್ದರು: "ತಾಯಿ, ಪೈರು ಇಬ್ಬರೂ ಕ್ಷೇಮ." ಮೇಲಿನವರು ಓದಿ, ಇಷ್ಟು ಸ್ಪಷ್ಟವಾದ ವರದಿ ಇದುವರೆಗೆ ಬಂದಿರಲಿಲ್ಲ ಎಂದು ಮೆಚ್ಚುಗೆ ಪತ್ರ ಕಳಿಸಿದರಂತೆ.

ರಜೆಯ ಆದೇಶದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ನಾನು ಅದನ್ನು ತಡವಾಗಿ ಓದಿದೆ. "ಹೆರಿಗೆ ರಜೆಯು ಇಡೀ ಸೇವಾವಧಿಯಲ್ಲಿ ಎರಡು ಬಾರಿಗೆ ಮಾತ್ರ ಸೀಮಿತ." ಹೊಲದ ವಯಸ್ಸು ಇಪ್ಪತ್ತೆರಡು. ನಿವೃತ್ತಿಗೆ ಇನ್ನೂ ಮೂವತ್ತೆಂಟು ವರ್ಷ ಇದೆ. ಅತ್ತೆಗೆ ಓದಿ ಹೇಳಿದೆ. ಅವರು ಆದೇಶವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು.

ಜೋಳ ಮೊಣಕಾಲು ದಾಟಿದ ಮೇಲೆ ಪಕ್ಕದ ಹೊಲದ ಚಿಕ್ಕಮ್ಮ ನೋಡಲು ಬಂದರು. ಅವರ ಹೊಲದ ಅರ್ಜಿಯೂ ಆಗ ಕಚೇರಿಯಲ್ಲಿತ್ತು. ಆ ಸಾಲಿನ ಹದಿನಾಲ್ಕು ಹೊಲಗಳದೂ ಇತ್ತು.

"ಎಷ್ಟು ತಿಂಗಳಾಯಿತಕ್ಕಾ?" ಎಂದು ಕೇಳಿದರು.

"ಒಂದೂವರೆ," ಎಂದರು ಅತ್ತೆ.

"ಚೆನ್ನಾಗಿ ಮೈತುಂಬಿಕೊಂಡಿದಾಳೆ. ಎರಡೇ ಅಂತಲ್ಲ ಇವರ ರೂಲ್ಸು?"

"ಹೂಂ, ಎರಡೇ."

ಚಿಕ್ಕಮ್ಮ ಒಂದು ಗರಿಯನ್ನು ಬೆರಳಲ್ಲಿ ಸವರಿ ನೋಡಿದರು. "ಈಗಿನ ಕಾಲಕ್ಕೆ ಎರಡು ಸಾಕು ಬಿಡಕ್ಕ. ಚೆನ್ನಾಗಿ ಬೆಳೆದರೆ ಆಯಿತು."

ಅತ್ತೆ ಹೌದೆಂದು ತಲೆಯಾಡಿಸಿದರು. ಆಮೇಲೆ ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು, ಮಾತು ತಗ್ಗಿಸಿ, ಬದುವಿನ ಮೇಲೆ ಮೆಲ್ಲಗೆ ನಡೆದುಹೋದರು. ಹೊಲ ರಜೆಯಲ್ಲಿತ್ತು.